ಮಗಾ, ಇದನ್ನ ಕೇಳಿದ್ಯಾ?

ರೇಡಿಯೊ ಅಲೆಯಲ್ಲಿ ತೇಲಿಬಂದ ರಾಕ್ ಸಂಗೀತ ದಂಡುಪ್ರದೇಶದ ಮನೆ, ಚರ್ಚು, ಪಬ್ಬು, ಕ್ಯಾಸೆಟ್ ಅಂಗಡಿಗಳನ್ನು ಹಾದು ಇಡೀ ಬೆಂಗಳೂರಿನದಾಯಿತು. ಒಬ್ಬ ಕೇಳುಗ ಇನ್ನೊಬ್ಬನ ಕೈಗಿಟ್ಟ ಕ್ಯಾಸೆಟ್ಟೇ ಈ ಊರಿನ ಬ್ಯಾಂಡುಗಳನ್ನು ಹುಟ್ಟಿಸಿತು. ಆ ಕೈಬದಲಿನ ಕಥೆ ಇಲ್ಲಿದೆ.

ಬ್ರಿಗೇಡ್ ರಸ್ತೆಯ ಜನಜಂಗುಳಿಯಿಂದ ತಪ್ಪಿಸಿಕೊಂಡು ರೆಸ್ಟ್ ಹೌಸ್ ರಸ್ತೆಗೆ ತಿರುಗಿದರೆ ಅಲ್ಲೇ ಪೆಕೋಸ್. 1990ರ ದಶಕದ ಯಾವುದೋ ಒಂದು ಶನಿವಾರದ ಸಂಜೆ. ಇಕ್ಕಟ್ಟಾದ ಮೆಟ್ಟಿಲು, ಗೋಡೆಯ ತುಂಬ ಜಿಮಿ ಹೆಂಡ್ರಿಕ್ಸ್, ಬಾಬ್ ಡಿಲನ್ ಮುಂತಾದವರ ಚಿತ್ರಗಳು, ಟೇಬಲ್ಲಿನ ಮೇಲೆ ಬಿಯರಿನ ಮಗ್ಗು. ಕೌಂಟರಿನ ಹಿಂದೆ ಸಾಲುಸಾಲು ಕ್ಯಾಸೆಟ್ಟು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುತ್ತದೆ. ಗಿಟಾರಿನ ಮೊದಲ ನಾಲ್ಕು ಸ್ವರ ಕಿವಿಗೆ ಬೀಳುವಷ್ಟರಲ್ಲಿ ಮೂಲೆಯ ಟೇಬಲ್ಲಿನವರು ‘ಓ!’ ಎಂದು ಕೂಗುತ್ತಾರೆ. ಪಕ್ಕದಲ್ಲಿ ಕೂತವನು ಬಸವನಗುಡಿಯಿಂದ ಬಸ್ ಹತ್ತಿ ಬಂದ ಹುಡುಗ. ಹಾಡು ಅವನಿಗೆ ಗೊತ್ತಿಲ್ಲ. ಸ್ವಲ್ಪ ಹೊತ್ತು ಸಂಕೋಚದಲ್ಲಿ ಸುಮ್ಮನಿದ್ದು ಕೊನೆಗೆ ಕೇಳಿಯೇ ಬಿಡುತ್ತಾನೆ.

‘ಗುರೂ, ಯಾವ ಬ್ಯಾಂಡಿದು?’

‘ಜೆತ್ರೋ ಟಲ್. ಈ ಕಡೆ ಬಾ, ಇವರದ್ದೇ ಇನ್ನೊಂದಿದೆ. ಅದನ್ನೂ ಹಾಕಿಸ್ತೀನಿ.’

ಕುರ್ಚಿಗಳು ಹತ್ತಿರ ಸರಿಯುತ್ತವೆ. ಟಿಶ್ಯೂ ಕಾಗದದ ಮೇಲೆ ನಾಲ್ಕೈದು ಹೆಸರು ಬೀಳುತ್ತವೆ: ಕ್ಯಾಮೆಲ್, ಕಿಂಗ್ ಕ್ರಿಮ್ಸನ್, ರೋರಿ ಗ್ಯಾಲಗರ್. ಹುಡುಗ ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಕೊನೆಯ ಬಸ್ಸಿಗೆ ಓಡುತ್ತಾನೆ.

ಇಂಥ ಒಂದು ಸಂಜೆ ಆ ಕಾಲದ ಬೆಂಗಳೂರಿನ ಸಾವಿರಾರು ಜನರ ಬದುಕಿನಲ್ಲಿ ಬಂದುಹೋಗಿದೆ. 1989ರಲ್ಲಿ ಕಾಲಿನ್ ಟಿಮ್ಸ್ ಶುರು ಮಾಡಿದ ಈ ಪುಟ್ಟ ಪಬ್ಬಿನಲ್ಲಿ ಕುಣಿಯಲು ಜಾಗವಿರಲಿಲ್ಲ, ಮಿನುಗುವ ದೀಪಗಳೂ ಇರಲಿಲ್ಲ. ಅಲ್ಲಿ ಇದ್ದದ್ದು ಹಾಡು ಮತ್ತು ಆ ಹಾಡಿನ ಬಗ್ಗೆ ಮಾತಾಡುವ ಜನ. ಈ ಊರಿನಲ್ಲಿ ರಾಕ್ ಕೇಳುಗರು ಹುಟ್ಟಿದ್ದೇ ಹೀಗೆ. ಅಣ್ಣನ ಗೆಳೆಯ, ಹಾಸ್ಟೆಲ್ಲಿನ ರೂಮ್‌ಮೇಟ್, ಕ್ಯಾಸೆಟ್ ಅಂಗಡಿಯ ಅಂಕಲ್, ಚರ್ಚಿನಲ್ಲಿ ಗಿಟಾರ್ ನುಡಿಸುವ ನೆರೆಮನೆಯವನು, ಇವರಲ್ಲಿ ಯಾರೋ ಒಬ್ಬರು ‘ಮಗಾ, ಇದನ್ನ ಕೇಳಿದ್ಯಾ?’ ಎಂದಿರುತ್ತಾರೆ.

ಹಾಗೆ ಕೇಳಿದವರಲ್ಲಿ ಕೆಲವರು ಬ್ಯಾಂಡ್ ಕಟ್ಟಿದರು. 1996ರಲ್ಲಿ ಹುಟ್ಟಿದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ಗೆ 2026 ಮೂವತ್ತರ ವರ್ಷ. ಐರನ್ ಮೇಡನ್ ಅರಮನೆ ಮೈದಾನವನ್ನು ನಡುಗಿಸಿದ ಸಂಜೆಗೆ 2027ರ ಮಾರ್ಚಿನಲ್ಲಿ ಇಪ್ಪತ್ತು ತುಂಬುತ್ತದೆ. ಹಿಂತಿರುಗಿ ನೋಡಲು ಇದು ಸರಿಯಾದ ಹೊತ್ತು.

ದಂಡಿಗೆ ಬಂದ ಗಿಟಾರು

ಈ ಸಂಗೀತ ಬೆಂಗಳೂರಿನ ಪೂರ್ವ ಭಾಗದಲ್ಲೇ ಮೊದಲು ಬೇರು ಬಿಟ್ಟದ್ದಕ್ಕೆ ಕಾರಣ ಇತಿಹಾಸದಲ್ಲಿದೆ. ಕಬ್ಬನ್ ಪಾರ್ಕಿನ ಆಚೆಗೆ ಪೇಟೆ, ಈಚೆಗೆ ಬ್ರಿಟಿಷ್ ಸೇನೆ ನೆಲೆಸಿದ ದಂಡು. ಒಂದೇ ಊರಿನ ಹೆಸರು ಹೊತ್ತ ಎರಡು ಊರುಗಳು. ಪೇಟೆಯಲ್ಲಿ ಕನ್ನಡ, ತೆಲುಗು. ದಂಡಿನಲ್ಲಿ ತಮಿಳು, ಉರ್ದು, ಇಂಗ್ಲಿಷ್. ಆಂಗ್ಲೋ ಇಂಡಿಯನ್ನರು ಮತ್ತು ಕ್ರೈಸ್ತ ಕುಟುಂಬಗಳು ಫ್ರೇಜರ್ ಟೌನ್, ಕಾಕ್ಸ್ ಟೌನ್, ಕುಕ್ ಟೌನ್, ರಿಚ್ಮಂಡ್ ಟೌನಿನ ಸುತ್ತ ನೆಲೆಸಿದ್ದವು. ಆ ಮನೆಗಳಲ್ಲಿ ಪಿಯಾನೊ ಇರುತ್ತಿತ್ತು, ಗಿಟಾರ್ ಇರುತ್ತಿತ್ತು. ಕ್ಲಬ್ಬುಗಳಲ್ಲಿ ವಾರದ ಕೊನೆಗೆ ಬ್ಯಾಂಡು, ಕುಣಿತ. ಹಲಸೂರು ಕೆರೆಯ ಬದಿಯ ಮದ್ರಾಸ್ ಸ್ಯಾಪರ್ಸ್ ಪಡೆಗೆ ತನ್ನದೇ ವಾದ್ಯಮೇಳ.

ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಂಥ ಚರ್ಚುಗಳು ಹಾಡುವುದನ್ನು ಕಲಿಸಿದವು. ಭಾನುವಾರ ಪ್ರಾರ್ಥನೆಗೆ ಹಾರ್ಮನಿ ಹಿಡಿದ ಹುಡುಗ ಸೋಮವಾರ ಗಿಟಾರಿನಲ್ಲಿ ಬೀಟಲ್ಸ್ ಹುಡುಕುತ್ತಿದ್ದ. ಸಂಗೀತ ಶಾಲೆಯ ಫೀಸು ಕಟ್ಟಲಾಗದ ಎಷ್ಟೋ ಮಕ್ಕಳಿಗೆ ಗಿಟಾರಿನ ಮೊದಲ ಮೂರು ಕಾರ್ಡುಗಳನ್ನು ಕೊಟ್ಟದ್ದು ಚರ್ಚಿನ ಕಾಯರ್. ದಂಡಿನ ರಾಕ್ ಚರಿತ್ರೆಯಲ್ಲಿ ಈ ಋಣವನ್ನು ಮೊದಲು ನೆನೆಯಬೇಕು.

ಉಳಿದದ್ದನ್ನು ರೇಡಿಯೊ ಮಾಡಿತು. 1950ರ ದಶಕದಲ್ಲಿ ಆಕಾಶವಾಣಿ ಶಾಸ್ತ್ರೀಯ ಸಂಗೀತದ ಕಡೆ ವಾಲಿದಾಗ ಕೇಳುಗರು ಸಾಮೂಹಿಕವಾಗಿ ರೇಡಿಯೊ ಸಿಲೋನ್ ಕಡೆ ಮುಳ್ಳು ತಿರುಗಿಸಿದರು. ಹಿಂದಿ ಹಾಡಿಗಾಗಿ ಅದನ್ನು ಹಚ್ಚಿದವರೇ ಹೆಚ್ಚು. ಆದರೆ ಅದರ ಇಂಗ್ಲಿಷ್ ಪ್ರಸಾರಕ್ಕೆ ಕಾದು ಕೂರುವ ಹುಡುಗರೂ ಬೆಂಗಳೂರಿನಲ್ಲಿದ್ದರು.

ಅವರಲ್ಲೊಬ್ಬ ಬಿದ್ದು ಅಪ್ಪಯ್ಯ. ಬೆಂಗಳೂರಿನಲ್ಲಿ ಹುಟ್ಟಿದ ಕೊಡವರ ಹುಡುಗ. ರೇಡಿಯೊ ಕೇಳಿ ಕೇಳಿ ಗಿಟಾರ್ ಹಿಡಿದ, ಗೆಳೆಯರನ್ನು ಕೂಡಿಸಿ ‘ಟ್ರೋಜನ್ಸ್’ ಎಂಬ ತಂಡ ಕಟ್ಟಿದ. ಬೆಂಗಳೂರು, ಕಲ್ಕತ್ತಾ, ಬೊಂಬಾಯಿಗಳಲ್ಲಿ ಹಾಡಿ 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿಗೆ ಹೋದ. 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ, ಬಿದ್ದು ನಿರ್ಮಿಸಿದ ‘ಕುಂಗ್ ಫೂ ಫೈಟಿಂಗ್’ ಬ್ರಿಟನ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು. ಮುಂದೆ ‘ಕುರ್ಬಾನಿ’ ಚಿತ್ರದ ‘ಆಪ್ ಜೈಸಾ ಕೋಯಿ’, ನಾಜಿಯಾ ಹಸನ್‌ರ ‘ಡಿಸ್ಕೊ ದಿವಾನೆ’, ಅಲಿಶಾ ಚಿನಾಯ್‌ರ ‘ಮೇಡ್ ಇನ್ ಇಂಡಿಯಾ’ ಎಲ್ಲದರ ಹಿಂದೆಯೂ ಇದೇ ಬಿದ್ದು. ದೂರದ ದ್ವೀಪದ ಒಂದು ರೇಡಿಯೊ ಕೇಂದ್ರ ಬೆಂಗಳೂರಿನ ಹುಡುಗನೊಬ್ಬನನ್ನು ಎಲ್ಲಿಂದ ಎಲ್ಲಿಗೆ ಒಯ್ದಿತು ನೋಡಿ.

ಪೇಟೆಯ ಕಡೆಯೂ ಗಿಟಾರ್ ಅಪರಿಚಿತವಾಗಿ ಉಳಿಯಲಿಲ್ಲ. 1981ರ ‘ಗೀತಾ’ ಚಿತ್ರದಲ್ಲಿ ಶಂಕರ್‌ನಾಗ್ ಗಾಯಕನಾಗಿ ಕಾಣಿಸಿಕೊಂಡರು, ಇಳಯರಾಜ ಸಂಗೀತ ಕೊಟ್ಟರು. ಇಡೀ ಕರ್ನಾಟಕದ ಹದಿಹರೆಯದವರಿಗೆ ಗಿಟಾರ್ ಹಿಡಿದ ಹೀರೊ ಎಂದರೆ ಶಂಕ್ರಣ್ಣ. ಮಲ್ಲೇಶ್ವರ, ಜಯನಗರದ ಹುಡುಗರು ಕಬ್ಬನ್ ಪಾರ್ಕ್ ದಾಟಿ ಬ್ರಿಗೇಡ್ ರಸ್ತೆಗೆ ಬರುವ ಹೊತ್ತಿಗೆ ಗಿಟಾರಿನ ಆಸೆ ಆಗಲೇ ಮನೆಯೊಳಗೆ ಹುಟ್ಟಿತ್ತು.

[ಬಾಕ್ಸ್] ದಂಡು: ಕೆಲವು ಇಸವಿ
1809: ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಸೇನೆ ಹಲಸೂರಿನ ಬಳಿ ನೆಲೆ ಹೂಡಿತು.
1881: ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿತು, ದಂಡುಪ್ರದೇಶ ಬ್ರಿಟಿಷರಲ್ಲೇ ಉಳಿಯಿತು.
1927: ಶಿವಾಜಿನಗರದ ರಸೆಲ್ ಮಾರ್ಕೆಟ್.
1949: ಪೇಟೆ ಮತ್ತು ದಂಡು ಸೇರಿ ಒಂದೇ ನಗರಪಾಲಿಕೆ.

ಎರಡು ಬದಿ, ತೊಂಬತ್ತು ನಿಮಿಷ

ಇಂದಿನ ಕೇಳುಗನಿಗೆ ಕಲ್ಪಿಸಿಕೊಳ್ಳುವುದೂ ಕಷ್ಟ. 1980ರ ದಶಕದಲ್ಲಿ ಒಂದು ಬ್ಯಾಂಡಿನ ಹೆಸರು ಗೊತ್ತಾದರೂ ಅದರ ಹಾಡು ಕೇಳಲು ತಿಂಗಳುಗಟ್ಟಲೆ ಕಾಯಬೇಕಿತ್ತು. ಹೊರದೇಶದ ಎಲ್‌ಪಿ ತಟ್ಟೆಗಳು ಸುಲಭಕ್ಕೆ ಸಿಗುತ್ತಿರಲಿಲ್ಲ, ಸಿಕ್ಕರೂ ವಿದ್ಯಾರ್ಥಿಯ ಜೇಬಿಗೆ ನಿಲುಕುತ್ತಿರಲಿಲ್ಲ. ದುಬೈನಲ್ಲಿದ್ದ ಮಾವನೋ ಅಮೆರಿಕಕ್ಕೆ ಹೋದ ಅಕ್ಕನೋ ತಂದ ಒಂದು ತಟ್ಟೆ ಇಡೀ ಬಡಾವಣೆಯ ಆಸ್ತಿಯಾಗುತ್ತಿತ್ತು.

ಅದನ್ನು ಹಂಚಿದ್ದು ಖಾಲಿ ಕ್ಯಾಸೆಟ್ಟು. ತಟ್ಟೆಯಿಂದ ಕ್ಯಾಸೆಟ್ಟಿಗೆ, ಆ ಕ್ಯಾಸೆಟ್ಟಿನಿಂದ ಮತ್ತೊಂದಕ್ಕೆ ಇಳಿಸಿಕೊಳ್ಳುತ್ತ ಹೋದರೆ ಪ್ರತಿ ಸಲವೂ ಹಾಡಿನ ಜೊತೆ ‘ಸ್ಸ್ಸ್’ ಎಂಬ ಸದ್ದು ಹೆಚ್ಚುತ್ತಿತ್ತು. ನಾಲ್ಕನೇ ಕೈಗೆ ಬರುವಾಗ ಪಿಂಕ್ ಫ್ಲಾಯ್ಡ್ ಮಳೆಯಲ್ಲಿ ನಿಂತು ನುಡಿಸಿದಂತೆ ಕೇಳುತ್ತಿತ್ತು. ಆದರೂ ಅದಕ್ಕೆ ಬೆಲೆ. ಖಾಲಿ ಕ್ಯಾಸೆಟ್ಟು ಕೊಟ್ಟರೆ ಹಾಡು ತುಂಬಿಸಿಕೊಡುವ ಅಂಗಡಿಗಳಿದ್ದವು. ಬರೆದ ಪಟ್ಟಿ ನೋಡಿ ‘ಇದು ಇಷ್ಟವಾದರೆ ಅದನ್ನೂ ಕೇಳು’ ಎಂದು ಕೊನೆಯಲ್ಲಿ ಉಳಿದ ಮೂರು ನಿಮಿಷದ ಜಾಗದಲ್ಲಿ ತನ್ನಿಷ್ಟದ ಇನ್ನೊಂದು ಹಾಡು ಸೇರಿಸುವ ಅಂಗಡಿಯವನೇ ಎಷ್ಟೋ ಜನರ ಗುರು.

ಕ್ಯಾಸೆಟ್ಟಿನ ಕಾರ್ಡನ್ನು ಗಮನಿಸಬೇಕು. ಮೊದಲ ಗೆರೆಯಲ್ಲಿ ಬ್ಯಾಂಡಿನ ಹೆಸರು, ಅದೇ ಬ್ಯಾಂಡಿನ ಲಾಂಛನದ ಅಕ್ಷರಗಳಲ್ಲಿ, ರೂಲರ್ ಇಟ್ಟು ಬಿಡಿಸಿದ್ದು. ಕೆಳಗೆ ಪುಟ್ಟ ಅಕ್ಷರದಲ್ಲಿ ಹಾಡುಗಳ ಪಟ್ಟಿ, ಪ್ರತಿಯೊಂದರ ಎದುರು ನಿಮಿಷ–ಸೆಕೆಂಡು. ಕೆಲವರು ಗಿಟಾರ್ ವಾದಕ ಯಾರು, ಡ್ರಮ್ಸ್ ಯಾರು ಎಂದೂ ಬರೆಯುತ್ತಿದ್ದರು. ಹಸಿರು ಶಾಯಿಯಲ್ಲಿ ಒಂದು ನಕ್ಷತ್ರ ಇದ್ದರೆ ಅದು ತಪ್ಪದೆ ಕೇಳಬೇಕಾದ ಹಾಡು. ಎರವಲು ಕೊಟ್ಟವನು ಪಕ್ಕದಲ್ಲಿಲ್ಲದಿದ್ದರೂ ಅವನ ಅಭಿರುಚಿ ಜೊತೆಗಿರುತ್ತಿತ್ತು.

1991ರಲ್ಲಿ ಸ್ಟಾರ್ ಟಿ.ವಿ. ಜೊತೆ ಎಂಟಿವಿ ಬಂತು. ಹೆಸರಷ್ಟೇ ಗೊತ್ತಿದ್ದವರ ಮುಖಗಳು ಕಂಡವು. ಮ್ಯಾಗ್ನಸೌಂಡ್‌ನಂಥ ಕಂಪನಿಗಳು ಹೊರದೇಶದ ಆಲ್ಬಂಗಳನ್ನು ಇಲ್ಲೇ ಅಚ್ಚು ಹಾಕಿ ಮಾರಿದವು. 1993ರಲ್ಲಿ ಅಲಹಾಬಾದಿನಿಂದ ಅಮಿತ್ ಸೈಗಲ್ ಅವರ ‘ರಾಕ್ ಸ್ಟ್ರೀಟ್ ಜರ್ನಲ್’ ಹೊರಬಂತು; ಭಾರತದ ಬ್ಯಾಂಡುಗಳಿಗೂ ಒಂದು ಪತ್ರಿಕೆ ಇದೆ ಎಂಬುದೇ ಆಗ ದೊಡ್ಡ ಸುದ್ದಿ. 2001ರ ಜುಲೈ 3ರಂದು ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ರೇಡಿಯೊ ಸಿಟಿ ಶುರುವಾದದ್ದೂ ಬೆಂಗಳೂರಿನಲ್ಲೇ.

ಇಷ್ಟೆಲ್ಲ ದಾರಿ ತೆರೆದರೂ ಕೈಯಿಂದ ಕೈಗೆ ಹೋಗುವ ಕ್ಯಾಸೆಟ್ಟು ನಿಲ್ಲಲಿಲ್ಲ. ಟಿ.ವಿ. ಹತ್ತು ಹಾಡು ತೋರಿಸುತ್ತಿತ್ತು. ಹನ್ನೊಂದನೆಯದನ್ನು ಗೆಳೆಯನೇ ಕೊಡಬೇಕಿತ್ತು.

[ಬಾಕ್ಸ್] ಸಿ–90 ಲೆಕ್ಕ
ಸಿ–90 ಕ್ಯಾಸೆಟ್ಟಿನ ಒಂದೊಂದು ಬದಿ 45 ನಿಮಿಷ. ಸಾಮಾನ್ಯ ಎಲ್‌ಪಿ ಎರಡೂ ಬದಿ ಸೇರಿ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಒಂದು ಕ್ಯಾಸೆಟ್ಟಿಗೆ ಎರಡು ಆಲ್ಬಂ. ಬೆನ್ನಿನ ಮೇಲಿನ ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಟ್ಟರೆ ಅದರ ಮೇಲೆ ಯಾರೂ ಮತ್ತೆ ರೆಕಾರ್ಡ್ ಮಾಡಲಾಗದು. ಮನಸ್ಸು ಬದಲಿಸಿದವರು ಆ ತೂತಿಗೆ ಟೇಪು ಅಂಟಿಸುತ್ತಿದ್ದರು. ಒಳಗಿನ ಸುರುಳಿ ಸಿಕ್ಕಾದರೆ ಪೆನ್ಸಿಲು.

ಕೇಳುಗರೇ ಬ್ಯಾಂಡಾದರು

1980ರ ದಶಕದ ಕೊನೆಯಲ್ಲಿ ‘ಮಿಲೇನಿಯಂ’ ಎಂಬ ಬ್ಯಾಂಡು ಬೆಂಗಳೂರಿನಲ್ಲಿ ಹೆವಿ ಮೆಟಲ್ ನುಡಿಸತೊಡಗಿತು. ವರ್ನನ್ ಇಬ್ರಾಹಿಂ ಅವರ ಕಂಠ, ಉದ್ದ ಕೂದಲು, ಸ್ವಂತ ಹಾಡುಗಳು. ಬೇರೆಯವರ ಹಾಡನ್ನು ಚಾಚೂ ತಪ್ಪದೆ ನುಡಿಸುವುದೇ ದೊಡ್ಡಸ್ತಿಕೆಯಾಗಿದ್ದ ಕಾಲದಲ್ಲಿ ‘ಇದು ನಮ್ಮದು’ ಎಂದು ವೇದಿಕೆಯಲ್ಲಿ ಹೇಳುವುದಕ್ಕೆ ಎದೆಗಾರಿಕೆ ಬೇಕಿತ್ತು. ಕೆಳಗೆ ನಿಂತು ಕೇಳಿದ ಹುಡುಗರಿಗೆ ಅದು ಧೈರ್ಯ ಕೊಟ್ಟಿತು.

1996ರಲ್ಲಿ ಕ್ರೈಸ್ಟ್ ಕಾಲೇಜಿನ ಗೆಳೆಯರ ಗುಂಪಿನಿಂದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಹುಟ್ಟಿತು. ಗಿಟಾರ್ ಮತ್ತು ಕಂಠ ಬ್ರೂಸ್ ಲೀ ಮಣಿ, ಡ್ರಮ್ಸ್ ರಾಜೀವ್ ರಾಜಗೋಪಾಲ್. ಜ್ಯಾಸ್, ಬ್ಲೂಸ್, ಫಂಕ್ ಎಲ್ಲವನ್ನೂ ಅರಗಿಸಿಕೊಂಡ ಅವರ ಶೈಲಿಗೆ ಅವರೇ ಇಟ್ಟ ಹೆಸರು ‘ಬೆಂಗಳೂರು ರಾಕ್’. 2002ರ ‘ಜುಪಿಟರ್ ಕೆಫೆ’ ಆಲ್ಬಂ ಇಂದಿಗೂ ತಾಜಾ. ಮೂರು ದಶಕ ಒಂದು ಬ್ಯಾಂಡನ್ನು ನಡೆಸುವುದು ಸುಲಭದ ಮಾತಲ್ಲ. ಸಿನಿಮಾ ಸಂಗೀತದ ಆಸರೆಯಿಲ್ಲದೆ, ಸ್ವಂತ ಹಾಡನ್ನೇ ನೆಚ್ಚಿ ಇಷ್ಟು ಕಾಲ ಬಾಳಿದ ತಂಡಗಳು ದೇಶದಲ್ಲೇ ವಿರಳ. ಅವರು ಕಟ್ಟಿದ ‘ಟಾಕಾಡೆಮಿ’ ಈಗ ಹೊಸಬರಿಗೆ ಪಾಠ ಹೇಳುತ್ತದೆ.

ಎರಡು ವರ್ಷದ ನಂತರ, 1998ರಲ್ಲಿ, ‘ಕ್ರಿಪ್ಟೋಸ್’ ಬಂತು. ನೋಲನ್ ಲೂಯಿಸ್ ಮುಂದಾಳತ್ವದ ಈ ತಂಡಕ್ಕೆ 80ರ ದಶಕದ ಹೆವಿ ಮೆಟಲ್ ಎಂದರೆ ಪ್ರಾಣ. 2013ರಲ್ಲಿ ಅವರು ಜರ್ಮನಿಯ ವಾಕೆನ್ ವೇದಿಕೆ ಏರಿದರು. ವಾಕೆನ್ ಎನ್ನುವುದು ಉತ್ತರ ಜರ್ಮನಿಯ ಒಂದು ಹಳ್ಳಿ. 1990ರಿಂದ ಬೇಸಿಗೆಯಲ್ಲಿ ಅಲ್ಲಿನ ಹೊಲಗಳಲ್ಲಿ ಜಗತ್ತಿನ ಮೆಟಲ್ ಪ್ರಿಯರ ಜಾತ್ರೆ ನೆರೆಯುತ್ತದೆ. ಬೆಂಗಳೂರಿನ ಕೋಣೆಯಲ್ಲಿ ನಕಲು ಕ್ಯಾಸೆಟ್ಟು ಕೇಳಿ ಬೆಳೆದ ತಲೆಮಾರು ಆ ಜಾತ್ರೆಯ ರಥದ ಮೇಲೆ ನಿಂತಿತು. ಜರ್ಮನಿಯ ಎಎಫ್‌ಎಂ ರೆಕಾರ್ಡ್ಸ್ ಅವರ ಆಲ್ಬಂಗಳನ್ನು ಹೊರತಂದಿತು.

ನುಡಿಸುವವರಿಗೂ ಕೇಳುವವರಿಗೂ ಸೇರಲು ಒಂದು ಅಂಗಳ ಬೇಕಿತ್ತು. 90ರ ದಶಕದ ಉತ್ತರಾರ್ಧದಲ್ಲಿ ಶುರುವಾದ ‘ಸಂಡೇ ಜ್ಯಾಮ್’, ‘ಫ್ರೀಡಂ ಜ್ಯಾಮ್’ಗಳು ಆ ಅಂಗಳವಾದವು. ಆಗಸ್ಟ್ 15ರ ಸುತ್ತಮುತ್ತ ನಡೆಯುವ ಫ್ರೀಡಂ ಜ್ಯಾಮ್‌ಗೆ ಟಿಕೆಟ್ಟೇ ಇಲ್ಲ. ಮೊದಲ ಸಲ ವೇದಿಕೆ ಏರಿ ಕೈ ನಡುಗಿದ ಹುಡುಗರೂ ನುರಿತವರೂ ಒಂದೇ ದಿನ, ಒಂದೇ ಕಡೆ. ಈ ಊರಿನ ಸ್ವಭಾವವನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಸಂಗೀತ ಹಬ್ಬ ಇನ್ನೊಂದಿಲ್ಲ.

ಕರಿ ಟೀ ಶರ್ಟಿನ ಶನಿವಾರ

2007ರ ಮಾರ್ಚ್ 17. ಮಧ್ಯಾಹ್ನದಿಂದಲೇ ದಂಡು ರೈಲು ನಿಲ್ದಾಣದ ಕಡೆಯಿಂದ, ಮೇಖ್ರಿ ವೃತ್ತದ ಕಡೆಯಿಂದ ಅರಮನೆ ಮೈದಾನದತ್ತ ಕರಿ ಟೀ ಶರ್ಟುಗಳು ಹೊರಟಿದ್ದವು. ಚೆನ್ನೈ, ಹೈದರಾಬಾದ್, ಕೊಚ್ಚಿ, ಈಶಾನ್ಯ ರಾಜ್ಯಗಳಿಂದ ಬಂದವರು. ಐರನ್ ಮೇಡನ್ ಭಾರತದಲ್ಲಿ ಮೊದಲ ಬಾರಿಗೆ ನುಡಿಸಲಿತ್ತು. ಅಲ್ಲಿಯವರೆಗೆ ತನ್ನ ಬೀದಿಯಲ್ಲಿ ತಾನೊಬ್ಬನೇ ಈ ಸಂಗೀತ ಕೇಳುವವನು ಎಂದುಕೊಂಡಿದ್ದ ಹುಡುಗ, ಹುಡುಗಿಯರಿಗೆ ಆ ಮೈದಾನ ಒಂದು ದೊಡ್ಡ ಸಮಾಧಾನ. ಪರಿಚಯವಿಲ್ಲದವರ ಭುಜದ ಮೇಲೆ ಕೈಯಿಟ್ಟು ಒಂದೊಂದು ಪದವನ್ನೂ ಒಟ್ಟಿಗೆ ಹಾಡಿದ ಸಾವಿರಾರು ಜನ!

ಅಂದು ಮೇಡನ್‌ಗಿಂತ ಮೊದಲು ನುಡಿಸಿದ ತಂಡಗಳಲ್ಲಿ ದೆಹಲಿಯ ‘ಪರಿಕ್ರಮ’ವೂ ಒಂದು. ಅದೇ ವರ್ಷ ಅವರಿಗೆ ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವದ ವೇದಿಕೆ ಸಿಕ್ಕಿತು.

2011ರ ಅಕ್ಟೋಬರ್ 30 ಇನ್ನೊಂದು ಮರೆಯಲಾಗದ ದಿನ. ಎರಡು ದಿನ ಮೊದಲು ಗುರುಗ್ರಾಮದಲ್ಲಿ ನಡೆಯಬೇಕಿದ್ದ ಮೆಟಾಲಿಕಾ ಕಾರ್ಯಕ್ರಮ ಸುರಕ್ಷತೆಯ ಕಾರಣಕ್ಕೆ ಕೊನೆ ಗಳಿಗೆಯಲ್ಲಿ ರದ್ದಾಗಿ, ರೊಚ್ಚಿಗೆದ್ದ ಜನ ವೇದಿಕೆಯನ್ನು ಧ್ವಂಸ ಮಾಡಿದ್ದರು. ಬೆಂಗಳೂರಿನಲ್ಲೂ ಹಾಗೇ ಆದರೆ ಎಂಬ ಆತಂಕ ಇಡೀ ಊರಿಗೆ. ಇಲ್ಲಿ ಕಾರ್ಯಕ್ರಮ ಸುಸೂತ್ರವಾಗಿ ನಡೆಯಿತು. ಮೊದಲು ವೇದಿಕೆ ಏರಿದವರಲ್ಲಿ ಬೆಂಗಳೂರಿನದೇ ‘ಇನ್ನರ್ ಸ್ಯಾಂಕ್ಟಮ್’ ಇತ್ತು. ತಾವು ಆರಾಧಿಸುವ ಬ್ಯಾಂಡಿನ ಮುಂದೆ ನಮ್ಮೂರಿನ ಹುಡುಗರು ನುಡಿಸಿದರು. ಕ್ಯಾಸೆಟ್ಟು ಹಂಚಿಕೊಂಡವರ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ದಿನ ಯಾವುದು?

2012ರಲ್ಲಿ ಸಲ್ಮಾನ್ ಯು. ಸೈಯದ್ ಶುರು ಮಾಡಿದ ‘ಬ್ಯಾಂಗಲೋರ್ ಓಪನ್ ಏರ್’ ಮೆಟಲ್ ಪ್ರಿಯರಿಗೆ ತಮ್ಮದೇ ಒಂದು ಉತ್ಸವ ಕೊಟ್ಟಿತು. ಮೊದಲ ವರ್ಷವೇ ಜರ್ಮನಿಯ ಕ್ರಿಯೇಟರ್ ಬಂತು.

[ಬಾಕ್ಸ್] ಬೆಂಗಳೂರಿಗೆ ಬಂದವರು
ಡೀಪ್ ಪರ್ಪಲ್ (2001), ರೋಜರ್ ವಾಟರ್ಸ್ (2002), ರೋಲಿಂಗ್ ಸ್ಟೋನ್ಸ್ (2003, ಭಾರತದಲ್ಲಿ ಅವರ ಮೊದಲ ಕಾರ್ಯಕ್ರಮ), ಮಾರ್ಕ್ ನಾಫ್ಲರ್ (2005), ಐರನ್ ಮೇಡನ್, ಏರೋಸ್ಮಿತ್ (2007), ಮೆಗಾಡೆತ್ (2008), ಐರನ್ ಮೇಡನ್ ಮತ್ತೊಮ್ಮೆ (2009), ಲ್ಯಾಂಬ್ ಆಫ್ ಗಾಡ್ (2010), ಮೆಟಾಲಿಕಾ (2011), ಸ್ಲೇಯರ್, ಗನ್ಸ್ ಎನ್ ರೋಸಸ್ (2012).

ಷರೀಫರೂ ಬಂದರು

ಇಷ್ಟು ಹೊತ್ತಿಗೆ ಓದುಗರಲ್ಲಿ ಒಂದು ಪ್ರಶ್ನೆ ಎದ್ದಿರುತ್ತದೆ: ಇದೆಲ್ಲ ಇಂಗ್ಲಿಷಿನದಾಯಿತು, ಕನ್ನಡ ಎಲ್ಲಿ? ನ್ಯಾಯವಾದ ಪ್ರಶ್ನೆ. ಬಹಳ ವರ್ಷ ಕನ್ನಡ ಈ ವೇದಿಕೆಗಳ ಕೆಳಗೆ, ಕೇಳುಗರ ಮಾತಿನಲ್ಲಿ ಮಾತ್ರ ಇತ್ತು. ಹಾಡು ಇಂಗ್ಲಿಷು, ‘ಸಖತ್ ಮಗಾ, ಇನ್ನೊಂದ್ಸಲ’ ಎನ್ನುವುದು ಕನ್ನಡ.

ಅದನ್ನು ವೇದಿಕೆಗೆ ಹತ್ತಿಸಿದವರಲ್ಲಿ ರಘು ದೀಕ್ಷಿತ್ ಮುಖ್ಯರು. ಮೈಸೂರಿನಲ್ಲಿ ಭರತನಾಟ್ಯ ಕಲಿತು, ಗಿಟಾರನ್ನು ತಾವೇ ಕಲಿತ ಅವರು ಶಿಶುನಾಳ ಷರೀಫರ ತತ್ವಪದಗಳನ್ನು ಎಲೆಕ್ಟ್ರಿಕ್ ಗಿಟಾರು, ವಯಲಿನ್ನು, ಡ್ರಮ್ಮಿನ ನಡುವೆ ನಿಲ್ಲಿಸಿದರು. ಮೊದಲ ಆಲ್ಬಂ 2008ರಲ್ಲಿ ಬಂತು. ಪಂಚೆ, ಗೆಜ್ಜೆ ಕಟ್ಟಿಕೊಂಡು ಬ್ರಿಟನ್ನಿನ ವೇದಿಕೆಗಳಲ್ಲಿ ಕನ್ನಡದಲ್ಲೇ ಹಾಡಿದರು. ಷರೀಫರ ಪದಕ್ಕೆ ಈ ಭಾರ ಹೊರುವ ಶಕ್ತಿ ಮೊದಲಿನಿಂದಲೂ ಇತ್ತು. ಗುಡುಗುವ ಲಯ, ಮರುಕಳಿಸುವ ಸಾಲು, ನಡುನಡುವೆ ಎಸೆಯುವ ಪ್ರಶ್ನೆ ಎಲ್ಲವೂ ಅದರಲ್ಲೇ ಇವೆ. ಸಿ. ಅಶ್ವತ್ಥ್ ಅವರ ಧ್ವನಿಯಲ್ಲಿ ಷರೀಫರನ್ನು ಕೇಳಿ ಬೆಳೆದ ಮನೆಗಳು ಅದನ್ನು ಬೇಗನೆ ಗುರುತಿಸಿದವು. ಮಗ ಹಾಕಿದ ಹಾಡಿಗೆ ಅಪ್ಪ ‘ಇದು ನಮ್ಮ ಷರೀಫಜ್ಜಂದು’ ಎಂದು ದನಿಗೂಡಿಸಿದ. ಹಾಡು ಹಂಚಿಕೊಳ್ಳುವ ವರ್ತುಲದೊಳಗೆ ಹೀಗೆ ಹಿರಿಯರೂ ಬಂದರು.

ವಾಸು ದೀಕ್ಷಿತ್ ಹಾಡುಗಾರಿಕೆಯ ‘ಸ್ವರಾತ್ಮ’ ತನ್ನ ಮೊದಲ ಆಲ್ಬಂನಲ್ಲೇ (2009) ಹಿಂದಿಯ ಜೊತೆ ಕನ್ನಡವನ್ನೂ ಇಟ್ಟಿತು. 2010ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಪರ್ವಾಜ್’ ಉರ್ದು, ಕಾಶ್ಮೀರಿಯಲ್ಲಿ ಹಾಡುತ್ತದೆ. ಕಾಶ್ಮೀರದ ಖಾಲಿದ್ ಅಹಮದ್ ಅವರ ಕಂಠಕ್ಕೆ ನಮ್ಮ ಸಚಿನ್ ಬನಂದೂರ್ ಅವರ ಡ್ರಮ್ಸ್. ಶಿವಾಜಿನಗರದ ಒಂದು ಬೀದಿಯಲ್ಲಿ ಕೇಳುವಷ್ಟು ಭಾಷೆಗಳು ಈಗ ಬೆಂಗಳೂರಿನ ರಾಕ್‌ನಲ್ಲಿವೆ.

ಪೂರ್ವಕ್ಕೆ, ಇನ್ನೂ ಪೂರ್ವಕ್ಕೆ

2000ದ ನಂತರ ಸಂಗೀತದ ನಡುಬಿಂದು ಬ್ರಿಗೇಡ್ ರಸ್ತೆಯಿಂದ ಇಂದಿರಾನಗರಕ್ಕೆ ಸರಿಯಿತು. 100 ಅಡಿ ರಸ್ತೆಯಲ್ಲಿ ‘ಕೈರಾ’, ‘ಬಿ ಫ್ಲ್ಯಾಟ್’, 12ನೇ ಮುಖ್ಯರಸ್ತೆಯಲ್ಲಿ 2013ರಲ್ಲಿ ಶುರುವಾದ ‘ಹಮ್ಮಿಂಗ್ ಟ್ರೀ’, ಕೆ.ಆರ್. ಪುರ ದಾಟಿ ವೈಟ್‌ಫೀಲ್ಡ್ ಕಡೆ ‘ಕೌಂಟರ್‌ಕಲ್ಚರ್’. ಸ್ವಂತ ಹಾಡು ನುಡಿಸುವ ಬ್ಯಾಂಡನ್ನು ಕೇಳಲೆಂದೇ ಜನ ಸೇರುತ್ತಿದ್ದ ಜಾಗಗಳಿವು. ಅಲ್ಲಿ ಒಂದು ಸಂಜೆ ಮೂರು ತಂಡ ನುಡಿಸಿದರೆ ಒಂದಾದರೂ ಹೊಸದಿರುತ್ತಿತ್ತು.

ಬಾಡಿಗೆ ಏರಿದಂತೆ ಬ್ಯಾಂಡುಗಳ ತಾಲೀಮು ಇನ್ನೂ ಆಚೆಗೆ ಹೋಯಿತು. ಕಮ್ಮನಹಳ್ಳಿ, ಬಾಣಸವಾಡಿ, ಕೆ.ಆರ್. ಪುರದ ಕಡೆ ಗಂಟೆ ಲೆಕ್ಕಕ್ಕೆ ಸಿಗುವ ಜ್ಯಾಮ್ ರೂಮುಗಳಲ್ಲಿ ಹೊಸ ಹಾಡುಗಳು ಹುಟ್ಟುತ್ತವೆ. ಒಂದು ಕೋಣೆ ಹೇಗಿರುತ್ತದೆಂದರೆ: ಗೋಡೆಗೆ ಸ್ಪಂಜಿನ ಹೊದಿಕೆ, ಕಿಟಕಿಗೆ ಹಲಗೆ, ನೆಲಕ್ಕೆ ಹಳೆಯ ಕಾರ್ಪೆಟ್ಟು. ಡ್ರಮ್ ಸೆಟ್ ಜಾರದಂತೆ ಅದರ ಮುಂದೆ ಇಟ್ಟಿಗೆ. ಎರಡು ಆಂಪ್ಲಿಫೈಯರ್, ಟೇಪು ಸುತ್ತಿದ ಮೈಕು, ಮೂಲೆಯಲ್ಲಿ ಮುರಿದ ಡ್ರಮ್ ಕಡ್ಡಿಗಳ ರಾಶಿ. ಫ್ಯಾನು ಹಾಕಿದರೆ ಮೈಕಿನಲ್ಲಿ ಸದ್ದು, ಹಾಕದಿದ್ದರೆ ಸೆಕೆ. ಐದು ಜನ ಬೆವರು ಸುರಿಸುತ್ತ ಅದೇ ನಾಲ್ಕು ಸಾಲನ್ನು ಇಪ್ಪತ್ತು ಸಲ ನುಡಿಸುತ್ತಾರೆ. ಹೊರಗೆ ಮುಂದಿನ ತಂಡ ಗಿಟಾರ್ ಬ್ಯಾಗು ತೂಗುಹಾಕಿಕೊಂಡು ಕಾಯುತ್ತಿರುತ್ತದೆ. ಐದು ನಿಮಿಷದ ಅಂತರದಲ್ಲಿ ಎರಡು ತಂಡ ಮಾತಿಗಿಳಿಯುತ್ತವೆ: ‘ಆ ರಿಫ್ ಯಾರದ್ದು? ಚೆನ್ನಾಗಿದೆ.’ ಈಶಾನ್ಯ ರಾಜ್ಯಗಳಿಂದ ಓದಲು, ದುಡಿಯಲು ಬಂದ ಯುವಜನರೂ ಈ ಭಾಗದಲ್ಲಿ ಹೆಚ್ಚು. ಶಿಲ್ಲಾಂಗ್, ಐಜಾಲ್, ಕೊಹಿಮಾದ ಗಿಟಾರ್ ಪರಂಪರೆ ಬೆಂಗಳೂರಿನ ಕೇಳುಗರಿಗೆ ಸಿಕ್ಕಿದ್ದು ಇವರಿಂದ. ಸಿಕ್ಕಿಂನ ‘ಗಿರೀಶ್ ಅಂಡ್ ದ ಕ್ರಾನಿಕಲ್ಸ್’ನಂಥ ತಂಡಕ್ಕೂ ಬೆಂಗಳೂರು ಮನೆಯಾಯಿತು.

ಆದರೆ ಪಬ್ಬುಗಳಲ್ಲಿ ಸಂಗೀತ ನುಡಿಸಲು ಪೊಲೀಸ್ ಪರವಾನಗಿ ಬೇಕೆಂಬ 2005ರ ಆದೇಶ ಈ ವೇದಿಕೆಗಳ ತಲೆಯ ಮೇಲೆ ತೂಗುತ್ತಲೇ ಇತ್ತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಪರವಾನಗಿಗೆ ಬೇಕಾದ ಕಾಗದಪತ್ರಗಳನ್ನು ಹಳೆಯ ಕಟ್ಟಡಗಳಲ್ಲಿದ್ದ ಅನೇಕರಿಗೆ ಹೊಂದಿಸಲಾಗಲಿಲ್ಲ. ಇಂದಿರಾನಗರದ ಹಲವು ಪಬ್ಬುಗಳಲ್ಲಿ ಸಂಗೀತ ನಿಂತಿತು. 2019ರಲ್ಲಿ ಹಮ್ಮಿಂಗ್ ಟ್ರೀ ಮುಚ್ಚಿತು. ಮನೆಯ ಗೋಡೆಗೆ ತಾಗಿದ ಪಬ್ಬಿನಿಂದ ರಾತ್ರಿಯಿಡೀ ನಿದ್ದೆಗೆಟ್ಟ ನಿವಾಸಿಗಳ ಸಂಕಟ ನಿಜವಾದದ್ದು. ಅದನ್ನು ಸಂಗೀತಪ್ರಿಯರು ಹಗುರವಾಗಿ ಕಾಣಬಾರದು. ಆದರೆ ಸದ್ದು ಹೊರಬಾರದಂತೆ ಕಟ್ಟಿದ ಇನ್ನೂರು ಜನ ಹಿಡಿಸುವ ಸಭಾಂಗಣ ಕೋಟಿಗೂ ಮಿಕ್ಕಿದ ಜನರ ಊರಿಗೆ ದೊಡ್ಡ ಬೇಡಿಕೆಯೇನಲ್ಲ. ನಾಟಕಕ್ಕೆ ರವೀಂದ್ರ ಕಲಾಕ್ಷೇತ್ರ, ರಂಗಶಂಕರ ಇದ್ದಂತೆ ಬ್ಯಾಂಡುಗಳಿಗೂ ಒಂದು ಜಾಗ ಬೇಕು. ಅದನ್ನು ಬಿಯರ್ ವ್ಯಾಪಾರದ ಬಾಲಕ್ಕೆ ಕಟ್ಟಿಹಾಕಿದ್ದೇ ಮೂಲ ತೊಂದರೆ.

2025ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಗಾಯಕ ಎಡ್ ಶೀರನ್ ಚರ್ಚ್ ಸ್ಟ್ರೀಟಿನಲ್ಲಿ ನಿಂತು ಹಾಡುತ್ತಿದ್ದಾಗ ಪೊಲೀಸರು ಮೈಕಿನ ತಂತಿ ಕಿತ್ತ ದೃಶ್ಯ ಜಗತ್ತಿಗೆಲ್ಲ ಹರಡಿತು. ಅನುಮತಿ ಇತ್ತು ಎಂದು ಗಾಯಕರು, ಇರಲಿಲ್ಲ ಎಂದು ಪೊಲೀಸರು ಹೇಳಿದರು. ಆ ವಾದ ಏನೇ ಇರಲಿ, ಅದೇ ಬೀದಿಯಲ್ಲಿ ಹಾಡಿ ಬೆಳೆಯಬೇಕಾದ ಸ್ಥಳೀಯ ಹುಡುಗರಿಗೆ ವಾರಕ್ಕೊಂದು ಸಂಜೆ, ಒಂದು ಮೂಲೆ ಗೊತ್ತುಪಡಿಸಿಕೊಟ್ಟರೆ ಪೊಲೀಸರಿಗೂ ಪಾದಚಾರಿಗಳಿಗೂ ಅನುಕೂಲ.

ಫೋನು ಕೊಡದ ಹೆಸರು

ಈಗ ಯಾವ ಹಾಡಿಗೂ ಕಾಯಬೇಕಿಲ್ಲ. ಪಬ್ಬಿನಲ್ಲಿ ಹಾಡು ಬಂದರೆ ಫೋನು ಎತ್ತಿ ಹಿಡಿದರಾಯಿತು, ಹೆಸರು ಬಂದುಬಿಡುತ್ತದೆ. ಒಂದು ಹಾಡು ಮುಗಿದರೆ ಅಂಥದ್ದೇ ಇನ್ನೊಂದನ್ನು ಆ್ಯಪ್ ತಾನೇ ಹಾಕುತ್ತದೆ. ಇದರ ಲಾಭ ದೊಡ್ಡದು. ಕಲಬುರಗಿಯಲ್ಲಿ ಕೂತ ಹುಡುಗಿಗೂ ಇಂದಿರಾನಗರದವನಿಗೂ ಇಂದು ಒಂದೇ ಭಂಡಾರ ಕೈಗೆಟುಕುತ್ತದೆ. ಕ್ಯಾಸೆಟ್ ಕಾಲದ ಕೊರತೆಯನ್ನು ಸುವರ್ಣಯುಗ ಎಂದು ಹೊಗಳುವುದು ತಪ್ಪಾಗುತ್ತದೆ.

ಆದರೆ ಆ್ಯಪ್ ಕೊಡುವುದು ಈಗಾಗಲೇ ಕೇಳಿದ್ದಕ್ಕೆ ಹತ್ತಿರವಾದದ್ದನ್ನು. ಮೆಟಲ್ ಕೇಳುವವನಿಗೆ ಒಂದು ದಿನ ಷರೀಫರನ್ನು ಕೊಡುವ ಹುಚ್ಚು, ಹಟ, ಪ್ರೀತಿ ಮನುಷ್ಯರಲ್ಲಿ ಮಾತ್ರ ಇರುತ್ತದೆ. ‘ನಿನಗೆ ಇದು ಹಿಡಿಸಲ್ಲ ಅಂತ ಗೊತ್ತು, ಆದ್ರೂ ಮೂರನೇ ಹಾಡಿನವರೆಗೆ ತಡ್ಕೋ’ ಎನ್ನುವ ಗೆಳತಿಯಿಂದಲೇ ಕಿವಿ ಬೆಳೆಯುತ್ತದೆ. ಇಂದಿಗೂ ನಮ್ಮ ಮೆಟ್ರೊದಲ್ಲಿ, ಬಿಎಂಟಿಸಿ ಬಸ್ಸಿನಲ್ಲಿ ಒಬ್ಬರ ಟೀ ಶರ್ಟಿನ ಮೇಲಿನ ಲಾಂಛನ ನೋಡಿ ಇನ್ನೊಬ್ಬರು ತಲೆಯಾಡಿಸಿ ಮಾತಿಗಿಳಿಯುವುದಿದೆ. ಇಳಿಯುವ ನಿಲ್ದಾಣ ಬರುವುದರೊಳಗೆ ಎರಡು ಹೆಸರು ಕೈ ಬದಲಾಗಿರುತ್ತವೆ.

[ಬಾಕ್ಸ್] ಬೆಂಗಳೂರಿನ ಆರು ಆಲ್ಬಂ
ಹೊಸದಾಗಿ ಕೇಳುವವರು ಇಲ್ಲಿಂದ ಶುರು ಮಾಡಬಹುದು. ‘ಜುಪಿಟರ್ ಕೆಫೆ’: ಥರ್ಮಲ್ ಅಂಡ್ ಎ ಕ್ವಾರ್ಟರ್ (2002). ‘ಗೋಯಿಂಗ್ ನೋವೇರ್’: ಲೌಂಜ್ ಪಿರಾನಾ (2008). ರಘು ದೀಕ್ಷಿತರ ಮೊದಲ ಆಲ್ಬಂ (2008). ‘ಸ್ವರಾತ್ಮ’: ಸ್ವರಾತ್ಮ (2009). ‘ದ ಕಾಯಿಲ್ಸ್ ಆಫ್ ಅಪೋಲಿಯಾನ್’: ಕ್ರಿಪ್ಟೋಸ್ (2012). ‘ಬಾರಾನ್’: ಪರ್ವಾಜ್ (2014).

ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಸಲ ದೊಡ್ಡ ಬ್ಯಾಂಡಿನ ಟಿಕೆಟ್ ಕೊಂಡಾಗ ಒಂದು ಗಂಟೆ ಮೊದಲೇ ಹೋಗಿ. ಮೈದಾನ ಅರ್ಧ ಖಾಲಿಯಿರುವಾಗ ಬಿಸಿಲಿನಲ್ಲಿ ನುಡಿಸುವ ಮೊದಲ ತಂಡ ಸಾಮಾನ್ಯವಾಗಿ ನಮ್ಮೂರಿನದಾಗಿರುತ್ತದೆ. ಅವರ ಹೆಸರು ಬರೆದುಕೊಳ್ಳಿ, ಹಿಡಿಸಿದರೆ ಅವರ ಟೀ ಶರ್ಟನ್ನೋ ಆಲ್ಬಮ್ಮನ್ನೋ ದುಡ್ಡು ಕೊಟ್ಟು ಕೊಳ್ಳಿ, ಮರುದಿನ ಒಬ್ಬ ಗೆಳೆಯನಿಗಾದರೂ ಆ ಹೆಸರು ದಾಟಿಸಿ.